ಟ್ಯಾಕ್ಸಿ ಚಾಲಕರ ಅಂಗೈ

ಹಾನಗಲ್ಲಿನಲ್ಲಿ ನಮ್ಮ ಪಕ್ಕದ ಮನೆಯವರು ಟ್ಯಾಕ್ಸಿ ಓಡಿಸುತ್ತಿದ್ದರು. ಹಳೆಯ ಅಂಬಾಸಿಡರ್ ಕಾರು. ಅದರ ಸ್ಟೇರಿಂಗನ್ನು ಹಸುಗೂಸಿನ ತಲೆ ಹಿಡಿದಂತೆ ಹಿಡಿಯುತ್ತಿದ್ದರು. "ರಸ್ತಾ ಕಣ್ಣಿಗಲ್ರಿ, ಕೈಗೆ ಹೇಳತೈತಿ" ಎನ್ನುವುದು ಅವರ ಯಾವತ್ತಿನ ಮಾತು. ಸಕ್ಕರೆ ಕಾಯಿಲೆಯಿತ್ತು. ಕೈಕಾಲು ಜೋಮು ಹಿಡಿದರೆ ಬಂದು ಹೇಳಬೇಕೆಂದು ಡಾಕ್ಟರು ಎಚ್ಚರಿಸಿದ್ದರೂ ಅವರು ತಲೆ ಕೆಡಿಸಿಕೊಂಡಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಅವರ ಗಾಡಿಯಲ್ಲೇ, ದುಂಡಸಿಯ ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕುತ್ತ ಶಿಗ್ಗಾವಿಗೆ ಹೋಗಿದ್ದೆ. ಅಲ್ಲಿ ಹೊಸದಾಗಿ ತೆರೆದಿದ್ದ ವಿಡಿಯೋ ಗೇಮ್ ಅಂಗಡಿಯಲ್ಲಿ ಕಾರು ಓಡಿಸುವ ಆಟವಿತ್ತು. ಕುತೂಹಲಕ್ಕೆಂದು ಅವರು ಆಡಲು ಕುಳಿತರು. ಪರದೆಯ ಮೇಲಿನ ಕಾರು ರಸ್ತೆ ಬಿಟ್ಟು ಕಲ್ಲುಗಳ ಮೇಲೆ ಓಡಿತು.

"ಇದು ಸುಳ್ಳ ಗಾಡಿ," ಎಂದರು. "ಕಲ್ಲಾಗ ಹೊಂಟೈತಿ, ಕೈಗೆ ಏನೂ ಗೊತ್ತಾಗವಲ್ದು."

"ಸ್ಟೇರಿಂಗ್ ನಡಗತೈತಲ್ರಿ," ಎಂದ ಅಂಗಡಿಯವನು.

ನಾನು ಹಿಡಿದು ನೋಡಿದೆ. ಮೊಣಕೈವರೆಗೂ ನಡುಕ ಬಂತು. ಹಾಗೆಂದು ಹೇಳಿದೆ. ಅವರು ಇನ್ನೊಮ್ಮೆ ಬಲವಾಗಿ ಒತ್ತಿ ಹಿಡಿದರು.

"ದುಂಡಸಿ ರಸ್ತಾ ಚಲೋ ಮಾಡ್ಯಾರ ಅಂತ ಒಂದ್ ವರ್ಷದಿಂದ ತಿಳಕೊಂಡಿದ್ದೆನ್ರಿ," ಎಂದರು.

ಹೊರಗೆ ಬಂದು, ಪರಿಚಯದ ಮೆಕ್ಯಾನಿಕ್ ಕೈಗೆ ಗಾಡಿಯ ಕೀಲಿ ಕೊಟ್ಟು, "ಯಾರರ ಕೇಳಿದ್ರ ಮಾರಿಬಿಡ್ರಿ" ಎಂದರು. ಇಬ್ಬರೂ ಬಸ್ಸು ಹತ್ತಿದೆವು. ಮುಂದಿನ ಸೀಟಿನ ಸರಳಿಗೆ ಎರಡೂ ಅಂಗೈ ಒತ್ತಿಕೊಂಡು ಬಹಳ ಹೊತ್ತು ಕುಳಿತಿದ್ದರು.

"ಇದು ಈಗ ನಡಗಾಕತ್ತೈತೇನ್ರಿ?" ಎಂದು ಮೆಲ್ಲಗೆ ಕೇಳಿದರು.

"ಹೌದ್ರಿ," ಎಂದೆ.

ಅವರು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.