ಅವಳ ಜಾಗಕ್ಕೊಬ್ಬಳು

ಫುಟ್‌ಬಾಲ್ ನನಗೆ ಬರುವುದಿಲ್ಲ. ಮೈಸೂರಿನಲ್ಲಿ ಕಾಲೇಜು ಮುಗಿಯುವವರೆಗೆ ನಾನು ಆಡಿದ್ದು ಥ್ರೋಬಾಲ್. ಸ್ಟುಟ್‌ಗಾರ್ಟ್‌ನಿಂದ ಎಸ್-ಬಾನ್ ರೈಲಿನಲ್ಲಿ ಅರ್ಧ ಗಂಟೆ ದೂರದ ಈ ಊರಿಗೆ ಬಂದ ಮೇಲೆ, ಆಫೀಸು ಮತ್ತು ಕೋಣೆಯ ಹೊರಗೆ ಮೂರನೆಯ ಜಾಗವೊಂದು ಬೇಕೆನಿಸಿ ಊರಿನ ಕ್ರೀಡಾ ಸಂಘಕ್ಕೆ ಸೇರಿದೆ. ಮಹಿಳಾ ತಂಡಕ್ಕೆ ಗೋಲ್‌ಕೀಪರ್ ಇರಲಿಲ್ಲ. ಕೋಚ್ ಐದಾರು ಚೆಂಡು ಎಸೆದು ನೋಡಿದರು, ಎಲ್ಲವನ್ನೂ ಹಿಡಿದೆ. "ಕಾಲಿನ ವಿಷಯ ಆಮೇಲೆ ನೋಡಿಕೊಳ್ಳೋಣ," ಎಂದರು. ಮೂರು ವರ್ಷವಾಯಿತು. ಕಾಲಿನ ವಿಷಯ ಇನ್ನೂ ಬಂದಿಲ್ಲ.

ಸ್ಪೇನಿನ ಹುಡುಗಿ ನಮ್ಮ ತಂಡಕ್ಕೆ ಬಂದಾಗ ಅವಳಿಗೆ ಹತ್ತೊಂಬತ್ತು. ಹಗಲು ಒಂದು ವೃದ್ಧಾಶ್ರಮದಲ್ಲಿ ನರ್ಸಿಂಗ್ ತರಬೇತಿ ಪಡೆಯುತ್ತಿದ್ದಳು. ಅವಳು ಮೊದಲ ಸಲ ಚೆಂಡು ನಿಲ್ಲಿಸಿದ್ದನ್ನು ನೋಡಿದಾಗಲೇ ಇವಳು ತಪ್ಪು ಜಾಗಕ್ಕೆ ಬಂದಿದ್ದಾಳೆ ಎಂದು ನಮಗೆಲ್ಲ ಗೊತ್ತಾಯಿತು. ಚೆಂಡು ಅವಳ ಕಾಲಿಗೆ ಬಡಿದು ದೂರ ಹೋಗುತ್ತಿರಲಿಲ್ಲ, ಅಲ್ಲೇ ಕುಳಿತುಕೊಳ್ಳುತ್ತಿತ್ತು.

ಅವಳ ಕಥೆಯನ್ನು ಪಂದ್ಯಗಳಿಗೆ ಹೋಗಿಬರುವ ದಾರಿಯಲ್ಲಿ ಅರ್ಧ ಇಂಗ್ಲಿಷ್, ಅರ್ಧ ಜರ್ಮನ್‌ನಲ್ಲಿ ತುಂಡುತುಂಡಾಗಿ ಕೇಳಿದ್ದೆ. ಊರಿನ ಹುಡುಗರ ಜೊತೆ ಆಡುತ್ತ ಬೆಳೆದವಳು. ಒಂದು ವಯಸ್ಸಾದ ಮೇಲೆ ಹುಡುಗರ ತಂಡದಲ್ಲಿ ಆಡುವಂತಿಲ್ಲವೆಂದಾಗ ಪಕ್ಕದ ಪಟ್ಟಣದ ಹುಡುಗಿಯರ ತಂಡಕ್ಕೆ ಹೋದಳು. ಪ್ರತಿ ಸಂಜೆ ಅಪ್ಪ ಅವಳನ್ನು ಆಲಿವ್ ಎಣ್ಣೆಯ ವಾಸನೆ ಹೊಡೆಯುವ ವ್ಯಾನಿನಲ್ಲಿ ಬಿಟ್ಟು, ಆಟ ಮುಗಿಯುವವರೆಗೆ ಅದರಲ್ಲೇ ಮಲಗಿರುತ್ತಿದ್ದರಂತೆ. ಅಲ್ಲಿಂದ ಒಂದು ನಗರದ ಕ್ಲಬ್‌ನ ಎರಡನೇ ತಂಡಕ್ಕೆ ಆಯ್ಕೆಯಾದಳು. ಅದು ದೊಡ್ಡ ಕ್ಲಬ್, ಸಮವಸ್ತ್ರ ಕೂಡ ಅವರೇ ಒಗೆದುಕೊಡುತ್ತಿದ್ದರು. ಹದಿನೆಂಟು ತುಂಬಿದ ಬೇಸಿಗೆಯಲ್ಲಿ ಹೊಸ ಕೋಚ್ ಬಂದು, "ನಿನ್ನ ಎತ್ತರ ಸಾಲದು," ಎಂದ. ಅಷ್ಟೇ. ಮರುವರ್ಷ ಕೆಲಸ ಹುಡುಕಿಕೊಂಡು ಜರ್ಮನಿಗೆ ಬಂದಳು. ಇದನ್ನೆಲ್ಲ ಹೇಳುವಾಗ ಅವಳ ಮಾತಿನಲ್ಲಿ ಅಳು ಇರಲಿಲ್ಲ. ಬಸ್ಸು ತಪ್ಪಿದ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದಳು.

ನವೆಂಬರ್ ಕೊನೆಯಲ್ಲಿ ಅವಳಿಗೊಂದು ಕರೆ ಬಂತು. ನಮಗಿಂತ ಮೂರು ಹಂತ ಮೇಲಿನ ತಂಡ, ಸ್ಟುಟ್‌ಗಾರ್ಟ್‌ನ ಆಚೆ ಬದಿಯದು. ಚಳಿಗಾಲದ ಬಿಡುವಿನ ನಂತರ ಬಾ, ನಮ್ಮ ಸ್ಟ್ರೈಕರ್‌ಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿದೆ ಎಂದಿದ್ದರು. ಅವಳು ನನಗೆ ಅದನ್ನು ತಿಳಿಸಿದ್ದು ಜೆರ್ಸಿಗಳ ಚೀಲ ಹೊತ್ತುಕೊಂಡು ನಡೆಯುವಾಗ. ಆ ವಾರ ಒಗೆಯುವ ಸರದಿ ಅವಳದು. "ಇನ್ನೊಂದು ಸಲ ಯಾರೂ ಕರೆಯುವುದಿಲ್ಲ," ಎಂದಳು.

ಇಲ್ಲೊಂದು ನಿಯಮವಿದೆ. ಚಳಿಗಾಲದಲ್ಲಿ ಕ್ಲಬ್ ಬದಲಿಸುವವರು ಡಿಸೆಂಬರ್ ಮುಗಿಯುವುದರೊಳಗೆ ಹಳೆಯ ಕ್ಲಬ್‌ನಿಂದ ಹೆಸರು ತೆಗೆಸಬೇಕು. ಜನವರಿ ಮುಗಿಯುವುದರೊಳಗೆ ಹಳೆಯ ಕ್ಲಬ್ ಬಿಡುಗಡೆಗೆ ಒಪ್ಪಬೇಕು. ಒಪ್ಪದಿದ್ದರೆ ಆರು ತಿಂಗಳು ಪಂದ್ಯ ಆಡುವಂತಿಲ್ಲ. ಆರು ತಿಂಗಳೆಂದರೆ ಆ ಸೀಸನ್ ಮುಗಿದಂತೆಯೇ. ಒಪ್ಪಿಗೆ ಕೊಡಬೇಕಾದವರು ನಮ್ಮ ಕೋಚ್. ಮಹಿಳಾ ವಿಭಾಗದ ಮುಖ್ಯಸ್ಥರೂ ಅವರೇ.

ಅವರು ವೃತ್ತಿಯಲ್ಲಿ ಡ್ರೈವಿಂಗ್ ಕಲಿಸುವವರು. ಯಾವುದಕ್ಕೂ ಆತುರಪಡದ, ಯಾರ ಮೇಲೂ ದನಿ ಎತ್ತದ ಮನುಷ್ಯ. ನನಗೆ ಜರ್ಮನ್ ಚೆನ್ನಾಗಿ ಬರುತ್ತದೆ, ನಾನು ಜಾಸ್ತಿ ಮಾತಾಡುವುದಿಲ್ಲ, ಆದ್ದರಿಂದ ಕೋಚ್‌ಗೆ ನನ್ನ ಮೇಲೆ ಗೌರವವಿದೆ ಎಂದು ತರ್ಕಿಸಿ ಅವಳು ನನ್ನನ್ನು ಜೊತೆಗೆ ಕರೆದೊಯ್ದಳು. ಕಡಿಮೆ ಮಾತಾಡುವವರಿಗೆ ಬೇರೆಯವರ ಮಾತು ಹೊರುವ ಕೆಲಸ ಬೀಳುತ್ತದೆ. ಇದು ನನಗೆ ಹೈಸ್ಕೂಲಿನಿಂದಲೂ ಗೊತ್ತು.

"ನಾವು ಹನ್ನೆರಡು ಜನ," ಎಂದರು ಕೋಚ್. "ಇವಳು ಹೋದರೆ ಹನ್ನೊಂದು. ಒಬ್ಬಳಿಗೆ ಜ್ವರ ಬಂದರೂ ತಂಡ ಪೂರ್ತಿಯಾಗುವುದಿಲ್ಲ. ನೀನೇ ಹೇಳು, ನಾನು ಏನು ಮಾಡಲಿ?"

"ಇವಳ ಜಾಗಕ್ಕೆ ಒಬ್ಬರನ್ನು ತಂದರೆ?" ಎಂದೆ.

ಅವರು ಹನ್ನೆರಡು ಹೆಸರುಗಳ ಪಟ್ಟಿಯನ್ನು ಮಡಚಿ ಜೇಬಿಗಿಟ್ಟರು. "ಓಡಬಲ್ಲವಳನ್ನು ತಂದರೆ ಮಾತಾಡೋಣ."

ನಾನು ಅದನ್ನು ಮಾತು ಕೊಟ್ಟ ಹಾಗೆ ಎಂದುಕೊಂಡೆ. ಅವಳೂ ಹಾಗೆಯೇ ತಿಳಿದು, ಕ್ರಿಸ್‌ಮಸ್‌ಗೆ ಊರಿಗೆ ಹೋಗುವ ಮೊದಲು ಕ್ಲಬ್‌ನಿಂದ ಹೆಸರು ತೆಗೆಸಿದಳು.

ಓಡಬಲ್ಲ ಹೆಂಗಸರನ್ನು ನಾನು ಎಲ್ಲಿಂದ ತರಲಿ? ಆಫೀಸಿನಲ್ಲಿ ಇಬ್ಬರನ್ನು ಕೇಳಿದೆ. ಒಬ್ಬಳು ಗರ್ಭಿಣಿ, ಇನ್ನೊಬ್ಬಳು ಕುದುರೆ ಸವಾರಿಯವಳು. ಉಳಿದದ್ದು ನಮ್ಮವರ ಸಂಕ್ರಾಂತಿ. ಪ್ರತಿ ವರ್ಷ ಸ್ಟುಟ್‌ಗಾರ್ಟ್ ಸುತ್ತಲಿನ ಕನ್ನಡದವರು ಒಂದು ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದು ಸೇರುತ್ತಾರೆ. ನಾನು ಸಾಮಾನ್ಯವಾಗಿ ಊಟ ಮುಗಿಸಿ ಬೇಗ ಹೊರಡುವವಳು. ಆ ಸಲ ಎಳ್ಳು ಬೆಲ್ಲದ ಪೊಟ್ಟಣಗಳ ತಟ್ಟೆಯನ್ನು ನಾನೇ ಕೇಳಿ ತೆಗೆದುಕೊಂಡೆ. ತಟ್ಟೆ ಕೈಯಲ್ಲಿದ್ದರೆ ಗುರುತಿಲ್ಲದವರನ್ನೂ ಮಾತಾಡಿಸಬಹುದು.

"ಫುಟ್‌ಬಾಲಾ? ಹೆಂಗಸ್ರದ್ದಾ?" ಎಂದರು ಒಬ್ಬ ಆಂಟಿ, ಪೊಟ್ಟಣ ಬಿಚ್ಚುತ್ತ. ಮಗಳ ಬಾಣಂತನಕ್ಕೆ ಬಂದವರು. "ಈ ಚಳೀಲಿ ಚಡ್ಡಿ ಹಾಕ್ಕೊಂಡು ಓಡೋದಾ?"

"ಒಳಗೆ ಲೆಗ್ಗಿಂಗ್ಸ್ ಹಾಕ್ಕೋತೀವಿ ಆಂಟಿ."

"ನಿಮ್ಮನೇಲಿ ಗೊತ್ತಾ?"

"ಗೊತ್ತು."

"ಗೊತ್ತಿದ್ದೂ ಸುಮ್ನಿದಾರಾ," ಎಂದು ಬಾಯಿಗೆ ಕೊಬ್ಬರಿ ಹಾಕಿಕೊಂಡರು.

ಹಿಂದಿನ ಸಾಲಿನಲ್ಲಿದ್ದ ಹುಡುಗರಿಗೆ ಇದು ಕೇಳಿಸಿತು. "ಲೇಡೀಸೇ ಆಗ್ಬೇಕಾ? ನಾವೆಲ್ಲ ಖಾಲಿ ಇದೀವಿ," ಎಂದ ಒಬ್ಬ.

"ನೀನು ಹೋದ್ರೆ ಬಾಲು ನಿನ್ನ ಹೊಟ್ಟೆಗೆ ಬಡ್ದು ನಿಮ್ಮದೇ ಗೋಲಿಗೆ ಹೋಗುತ್ತೆ ಮಗಾ, ಸುಮ್ನೆ ಕೂತ್ಕೋ," ಎಂದ ಪಕ್ಕದವನು.

ಸಭಾಂಗಣದ ಒಂದು ಸುತ್ತು ಮುಗಿಯಿತು. ಮಂಡಿ ನೋವು, ನೈಟ್ ಕಾಲ್, ಚಿಕ್ಕ ಮಗು, ಗಂಡನನ್ನು ಕೇಳಬೇಕು. ಯಾವುದೂ ಸುಳ್ಳಲ್ಲ. ಪಾತ್ರೆ ತೊಳೆಯುವ ಕಡೆ ಒಬ್ಬ ಹೆಂಗಸು ಸೀರೆಯ ಸೆರಗು ಸಿಕ್ಕಿಸಿಕೊಂಡು, ಓಡಿಹೋಗುತ್ತಿದ್ದ ಮಗಳನ್ನು ಎರಡೇ ಹೆಜ್ಜೆಯಲ್ಲಿ ಹಿಡಿದದ್ದು ಕಾಣಿಸಿತು. ಆರು ವರ್ಷದ ಹುಡುಗಿ, ಚುರುಕಾಗಿಯೇ ಓಡುತ್ತಿದ್ದಳು. ಆದರೂ ಸಿಕ್ಕಿಬಿದ್ದಳು.

"ಅಕ್ಕಾ, ನೀವು ಏನಾದ್ರೂ ಆಡ್ತಿದ್ರಾ?"

"ಖೋ ಖೋ ರೀ. ದಾವಣಗೆರೇಲಿ. ಯೂನಿವರ್ಸಿಟಿ ಟೀಮಿಗೆ ಆಡೀನಿ." ಕೈ ಒರೆಸಿಕೊಂಡರು. "ಯಾಕ್ರೀ?"

ಹೇಳಿದೆ. ಮಗಳು ಅವರ ಸೆರಗು ಹಿಡಿದು ಜರ್ಮನ್‌ನಲ್ಲಿ, ಅಮ್ಮನಿಗೆ ವಯಸ್ಸಾಗಿದೆ ಎಂದಳು.

"ಏನಂತೆ ಇದು?"

"ನಿಮಗೆ ವಯಸ್ಸಾಯ್ತಂತೆ."

"ಹೌದಾ? ಹಂಗಾರೆ ಬರ್ತೀನಿ ತಗಳ್ರಿ. ಬಾಲ್ ಮಾತ್ರ ಒಂದ್ಸಲಾನೂ ಮುಟ್ಟಿಲ್ಲ, ಮೊದ್ಲೇ ಹೇಳೀನಿ."

ಜನವರಿಯ ಕೃತಕ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಕುಳಿತಿರುತ್ತದೆ. ಮೊದಲ ದಿನವೇ ಅಕ್ಕ ನಮ್ಮೆಲ್ಲರಿಗಿಂತ ಜೋರಾಗಿ ಓಡಿದರು. ತೊಂದರೆಯೆಂದರೆ ತಿರುಗುತ್ತಿರಲಿಲ್ಲ. ಖೋ ಖೋದಲ್ಲಿ ಬೆನ್ನಟ್ಟುವವಳು ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ಹಿಂದೆ ತಿರುಗುವಂತಿಲ್ಲ. ಚೆಂಡು ಎದುರಾಳಿಯ ಕಾಲಿಗೆ ಸಿಕ್ಕಿ ಹಿಂದಕ್ಕೆ ಹೋದರೂ ಅಕ್ಕ ಅದೇ ವೇಗದಲ್ಲಿ ಮೂಲೆಯ ಬಾವುಟದವರೆಗೆ ಹೋಗಿ, ಅದನ್ನು ಕೈಯಿಂದ ಮುಟ್ಟಿ, ಆಮೇಲೆ ವಾಪಸು ಬರುತ್ತಿದ್ದರು.

"ಅವಳು ಎಲ್ಲಿಗೆ ಹೋಗುತ್ತಿದ್ದಾಳೆ?" ಎಂದು ಕೋಚ್ ನನ್ನನ್ನು ಕೇಳಿದರು. ವಿವರಿಸಿದೆ. ಅವರು ತಲೆಯಾಡಿಸಿ, ಇಂಥವರು ತಮ್ಮ ಡ್ರೈವಿಂಗ್ ತರಗತಿಗೂ ಬರುತ್ತಾರೆ ಎಂದರು.

ಸ್ಪೇನಿನ ಹುಡುಗಿ ಅಂದಿನಿಂದ ಅಕ್ಕನಿಗೆ ತಿರುಗುವುದನ್ನು ಕಲಿಸಲು ಶುರುಮಾಡಿದಳು. ಅಭ್ಯಾಸಕ್ಕೆ ಬರಲು ಅವಳಿಗೆ ತಡೆ ಇರಲಿಲ್ಲ, ತಡೆ ಇದ್ದದ್ದು ಪಂದ್ಯಕ್ಕೆ ಮಾತ್ರ. ಅಭ್ಯಾಸವಿಲ್ಲದ ದಿನಗಳಲ್ಲೂ, ಬೆಳಗಿನ ಪಾಳಿ ಮುಗಿಸಿ ಬಂದು, ಮೈದಾನದ ಪಕ್ಕದ ಚಿಕ್ಕ ಜಾಗದಲ್ಲಿ ಕಲಿಸುತ್ತಿದ್ದಳು. ಇಬ್ಬರಿಗೂ ಬರುವ ಮಾತುಗಳು ಹೆಚ್ಚು ಇರಲಿಲ್ಲ. ಅವಳು ಅಕ್ಕನ ಸೊಂಟ ಹಿಡಿದು ತಿರುಗಿಸುತ್ತಿದ್ದಳು. ಅಕ್ಕ ಚೆಂಡಿನ ಮೇಲೆ ಪಾದವಿಟ್ಟು, ಜಾರಿ, ಬಿದ್ದು, "ಇರು ಮಾರಾಯ್ತಿ, ಒಂದ್ನಿಮಿಷ," ಎನ್ನುತ್ತಿದ್ದರು. "ಇರು" ಎಂದರೆ ನಿಲ್ಲು ಎಂದು ಅವಳಿಗೆ ಎರಡನೇ ದಿನಕ್ಕೇ ತಿಳಿದಿತ್ತು. ಆದರೆ ನಿಲ್ಲುತ್ತಿರಲಿಲ್ಲ. ತನ್ನ ಬಿಡುಗಡೆ ಈ ಮೂವತ್ತನಾಲ್ಕರ ಹೆಂಗಸಿನ ಸೊಂಟದಲ್ಲಿದೆ ಎಂಬಂತೆ ಕಲಿಸುತ್ತಿದ್ದಳು. ಹಾಗೆಯೇ ಇತ್ತು ಕೂಡ.

ಜನವರಿಯ ಕೊನೆಯ ವಾರ ಪಕ್ಕದ ಊರಿನವರ ಜೊತೆ ಒಂದು ಅಭ್ಯಾಸ ಪಂದ್ಯ. ಅಕ್ಕ ಬಲಬದಿಯಲ್ಲಿ ಆಡಿದರು. ದ್ವಿತೀಯಾರ್ಧದಲ್ಲಿ ಚೆಂಡನ್ನು ಅಂಚಿನವರೆಗೆ ಒಯ್ದು, ಬಾವುಟದ ಹತ್ತಿರ ಹೋಗದೆ, ಪಾದ ಊರಿ ತಿರುಗಿ ಒಳಗೆ ಕೊಟ್ಟರು. ಗೋಲಾಯಿತು. ಬೇಲಿಯ ಹೊರಗೆ ನಿಂತಿದ್ದ ಸ್ಪೇನಿನ ಹುಡುಗಿ ಎರಡು ಕೈಯಿಂದ ಮುಖ ಮುಚ್ಚಿಕೊಂಡಳು. ತಾನೇ ಗೋಲು ಹೊಡೆದಾಗಲೂ ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿರಲಿಲ್ಲ.

ಆಟ ಮುಗಿದ ಮೇಲೆ ಕೋಚ್ ಬಳಿ ಹೋದೆ. ಅವರ ಮುಖವೂ ಅರಳಿತ್ತು.

"ಒಳ್ಳೆಯವಳನ್ನು ತಂದಿದ್ದೀಯ," ಎಂದರು. "ಯೋಚಿಸಿ ನೋಡು. ಬಲಗಡೆ ಇವಳು, ಮಧ್ಯದಲ್ಲಿ ಸ್ಪೇನಿನವಳು. ಈ ವರ್ಷ ನಾವು ಒಂದು ಹಂತ ಮೇಲೆ ಹೋಗಬಹುದು."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಅವಳ ಜಾಗಕ್ಕೆ ಅಂತ ಇವರನ್ನು ತಂದದ್ದು."

"ತಂದರೆ ಮಾತಾಡೋಣ ಅಂದಿದ್ದೆ. ಮಾತಾಡುತ್ತಿದ್ದೇವಲ್ಲ."

"ಅವಳು ಹೆಸರು ತೆಗೆಸಿಯಾಗಿದೆ."

"ವಾಪಸ್ ಬಂದರೆ ನಾಳೆಯಿಂದಲೇ ಆಡಬಹುದು. ಅದಕ್ಕೆ ತಡೆ ಇಲ್ಲ. ಬಾಗಿಲು ತೆರೆದಿದೆ ಎಂದು ಹೇಳು."

ಅವರು ಇದನ್ನು ಹೇಳಿದ್ದು ಕೇಡಿನಿಂದಲ್ಲ. ಅದೇ ನನಗೆ ತಡೆಯಲಾಗದ ಸಂಗತಿ. ಬೈದಿದ್ದರೆ, ಬಾಗಿಲು ಹಾಕಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ನಾನು ತಪ್ಪಿಲ್ಲದ ಜರ್ಮನ್‌ನಲ್ಲಿ, ಇದು ನ್ಯಾಯವಲ್ಲ ಎಂದೆ. ಅವರು ನನ್ನ ಭುಜ ತಟ್ಟಿ, ಅಭ್ಯಾಸದ ಪ್ಲಾಸ್ಟಿಕ್ ಕೋನ್‌ಗಳನ್ನು ಎತ್ತಿಡಲು ಹೋದರು.

ತಿಂಗಳ ಕೊನೆಯ ದಿನ ಬಂತು. ಅವರು ಒಪ್ಪಿಗೆ ಕೊಡಲಿಲ್ಲ.

ಮಾರನೆಯ ಮಧ್ಯಾಹ್ನ ವೃದ್ಧಾಶ್ರಮದ ಹಿಂಬಾಗಿಲ ಬಳಿ ಅವಳಿಗಾಗಿ ಕಾದೆ. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಅವಳು ಬಿಳಿಯ ಶೂಗಳಲ್ಲೇ ಹೊರಗೆ ಬಂದಳು. ಕೈಯಲ್ಲಿ ಯಾರೋ ಅಜ್ಜಿ ಕೊಟ್ಟ ಬಾಳೆಹಣ್ಣು.

"ಏನಂದರು?"

"ನಮ್ಮಲ್ಲಿಗೇ ವಾಪಸ್ ಬಾ ಅಂದರು. ಬಂದರೆ ತಕ್ಷಣ ಆಡಬಹುದಂತೆ."

"ಬರದಿದ್ದರೆ?"

"ಆರು ತಿಂಗಳು."

ಅವಳು ಬಾಳೆಹಣ್ಣು ಸುಲಿದು ಅರ್ಧ ನನಗೆ ಕೊಟ್ಟಳು. ತಿನ್ನುತ್ತ ನಿಂತೆವು. "ನಿನಗೆ ನಾನು ಬರಬೇಕಾ?" ಎಂದು ಕೇಳಿದಳು.

ಬೇಕಿತ್ತು. ಅವಳಿಲ್ಲದ ತಂಡದಲ್ಲಿ ಚೆಂಡು ಸದಾ ನನ್ನ ಮುಂದೆಯೇ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಈ ಊರಿನಲ್ಲಿ ನಾನು ಕಾರಣವಿಲ್ಲದೆ ಮಾತಾಡುತ್ತಿದ್ದದ್ದು ಅವಳೊಬ್ಬಳ ಜೊತೆ.

"ನೀನು ವಾಪಸ್ ಬಂದರೆ ಅವರು ಮಾಡಿದ್ದೇ ಸರಿ ಎಂದಾಗುತ್ತದೆ," ಎಂದೆ.

"ಅದು ನಾನು ಕೇಳಿದ್ದಕ್ಕೆ ಉತ್ತರವಲ್ಲ."

"ಬರಬೇಡ."

ಸರಿ ಎಂದಳು. ಬರಲಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ನಾವು ಅವಳಿಲ್ಲದೆ ಆಡಿದೆವು. ಒಪ್ಪಿಗೆ ಕೊಟ್ಟಿದ್ದರೂ ಅವಳಿಲ್ಲದೆಯೇ ಆಡುತ್ತಿದ್ದೆವು ಎಂಬುದನ್ನು ನಾನು ಕೋಚ್‌ಗೆ ಎರಡು ಸಲ ಹೇಳಿದೆ. ಎರಡು ಸಲವೂ ಅವರು ಒಪ್ಪಿದರು. ನಾವು ಮೇಲಿನ ಹಂತಕ್ಕೆ ಹೋಗಲಿಲ್ಲ. ನಾನು ಬಿಟ್ಟುಬಿಡಬೇಕೆಂದಿದ್ದೆ. ಆದರೆ ನಾನು ಕರೆತಂದ ಅಕ್ಕ ಅಭ್ಯಾಸದ ದಿನವಾದ ಮಂಗಳವಾರಕ್ಕಾಗಿ ಕಾಯುವಂತಾಗಿದ್ದರು. "ಹೊರಗೆ ಬಂದ್ರೆ ಮನಸ್ಸು ಹಗುರ ಆಕ್ಕತಿ ನೋಡ್ರಿ," ಎನ್ನುತ್ತಿದ್ದರು. ನಾನು ಹೋದರೆ ಗೋಲಿಗೆ ಯಾರೂ ಇರಲಿಲ್ಲ. ಉಳಿದೆ.

ಆ ದೊಡ್ಡ ತಂಡದವರು ಏಪ್ರಿಲ್‌ನಲ್ಲೇ ಬೇರೊಬ್ಬ ಸ್ಟ್ರೈಕರನ್ನು ನೋಡಿಕೊಂಡರು. ಬೇಸಿಗೆಯಲ್ಲಿ ಅವಳಿಗೆ ಸಿಕ್ಕಿದ್ದು ನದಿಯಾಚೆಯ ಒಂದು ಕ್ಲಬ್. ನಮ್ಮದೇ ಹಂತ, ನಮ್ಮದೇ ಲೀಗ್.

ಅಕ್ಟೋಬರ್‌ನಲ್ಲಿ ಅವರ ತಂಡ ನಮ್ಮ ಮೈದಾನಕ್ಕೆ ಬಂತು. ಕೋಚ್ ಅವಳ ಕೈಕುಲುಕಿ ನರ್ಸಿಂಗ್ ತರಬೇತಿ ಹೇಗಿದೆ ಎಂದು ವಿಚಾರಿಸಿದರು. ಅವಳೂ ನಗುತ್ತ ಉತ್ತರಿಸಿದಳು. ನಾನು ಗೋಲಿನ ಮುಂದೆ ನಿಂತು ಇದನ್ನು ನೋಡುತ್ತಿದ್ದೆ.

ಅವಳು ನನ್ನ ವಿರುದ್ಧ ಎರಡು ಗೋಲು ಹೊಡೆದಳು. ಮೊದಲನೆಯದಾದ ಮೇಲೆ ತಲೆ ತಗ್ಗಿಸಿ ಹಿಂದಕ್ಕೆ ನಡೆದಳು. ಎರಡನೆಯದಾದ ಮೇಲೆ ಕೈ ಎತ್ತಿ ಓಡಿದಳು, ಅವಳ ಹೊಸ ಗೆಳತಿಯರು ಮೈಮೇಲೆ ಬಿದ್ದರು.

ಪಂದ್ಯದ ನಂತರ ಕೋಚ್ ನನ್ನ ಪಕ್ಕ ಬಂದು ಬೆಂಚಿನ ಮೇಲೆ ಕುಳಿತರು. "ನೋಡಿದೆಯಾ," ಎಂದರು, ಮೆಚ್ಚಿಗೆಯಿಂದ. "ಅವಳು ನಮ್ಮಲ್ಲೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು."

ನಾನು ಗ್ಲೌಸ್ ಬಿಚ್ಚುತ್ತಿದ್ದೆ. ಎಡಗೈಯದು ಒದ್ದೆಯಾಗಿ ಅಂಟಿಕೊಂಡಿತ್ತು. ಎಷ್ಟು ಎಳೆದರೂ ಬರಲಿಲ್ಲ.