ತೂಕಡಿಕೆ ಅಕ್ಕ ಮತ್ತು ಎಂಜಿನ್ನಿನ ಕಂಪ್ಯೂಟರು

ಅಣ್ಣನ ಗ್ಯಾರೇಜಿಗೆ ಬರುವ ಮೊದಲು ಅವಳು ಇಪ್ಪತ್ತು ವರ್ಷ ಬಟ್ಟೆ ಹೊಲಿದವಳು. ಬಂದ ತಿಂಗಳಲ್ಲೇ ಅಲ್ಲಿಯವರು ಅವಳಿಗೆ 'ತೂಕಡಿಕೆ ಅಕ್ಕ' ಎಂದು ಹೆಸರಿಟ್ಟರು. ಗಾಡಿ ಬಂದರೆ ಉಳಿದವರು ಬಾನೆಟ್ ಎತ್ತುತ್ತಿದ್ದರು. ಅವಳು ಒಳಗೆ ಹೋಗಿ ಸೀಟಿನಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದಳು.

ಎಂಜಿನ್ನನ್ನು ಆಡಿಸುವ ಕಂಪ್ಯೂಟರು ಅಂಗೈಯಗಲದ ಒಂದು ತಗಡಿನ ಪೆಟ್ಟಿಗೆ. ಕೆಲವು ಗಾಡಿಗಳಲ್ಲಿ ಬ್ಯಾಟರಿಯ ಮಗ್ಗುಲಲ್ಲಿರುತ್ತದೆ, ಕೆಲವುಗಳಲ್ಲಿ ಡ್ಯಾಶ್‌ಬೋರ್ಡಿನ ಖಾನೆಯ ಹಿಂದೆ, ಇನ್ನು ಕೆಲವುಗಳಲ್ಲಿ ವೈಪರಿನ ಬುಡದಲ್ಲಿ. ಸುಲಭಕ್ಕೆ ಸಿಗದಿದ್ದರೆ ಹುಡುಕುವುದು ಅವಳ ಪಾಲು, ರಿಪೇರಿ ಅಣ್ಣನದು.

ಒಂದು ಬೆಳಿಗ್ಗೆ, ಊರೂರು ತಿರುಗಿ ಪುಸ್ತಕ ಕೊಡುವ ವ್ಯಾನೊಂದನ್ನು ಹಗ್ಗ ಕಟ್ಟಿ ಎಳೆದು ತಂದರು. ಅದರ ಡ್ರೈವರಿಗೆ ಅರವತ್ತು ದಾಟಿತ್ತು. ಮೂರು ಗ್ಯಾರೇಜು ಸುತ್ತಿದರೂ ಯಾರಿಗೂ ಪೆಟ್ಟಿಗೆ ಸಿಕ್ಕಿರಲಿಲ್ಲವಂತೆ. ಅಣ್ಣನೂ ಡ್ಯಾಶ್‌ಬೋರ್ಡ್ ಬಿಚ್ಚಿ ಹರವಿದ. ವ್ಯಾನು ಜಪ್ಪಯ್ಯ ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಕೈ ಚೆಲ್ಲಿದ.

ಅವಳು ಹತ್ತಿ ಕೂತಳು. ಬೆನ್ನ ಹಿಂದೆ ಹಳೆಯ ಕಾಗದದ ವಾಸನೆ, ಮಡಿಲಲ್ಲಿ ಬಿಸಿಲು. ಕಣ್ಣು ಮುಚ್ಚಿದೊಡನೆ ಗ್ಯಾರೇಜಿನ ಸದ್ದೆಲ್ಲ ನೀರಿನಡಿಯಿಂದ ಬಂದಂತೆ ದೂರವಾಯಿತು. ಎಂದೋ ಈ ವ್ಯಾನಿನ ನಕ್ಷೆ ಬರೆದವನು ಪಕ್ಕದಲ್ಲಿ ಬಂದು ಕೂತ. ಪೆನ್ಸಿಲಿನ ತುದಿ ಕಚ್ಚುತ್ತಿದ್ದ. ಎಂಜಿನ್ನಿನ ಹತ್ತಿರ ಬಿಸಿ, ಬೇಡ ಎಂದ. ಡ್ಯಾಶ್‌ಬೋರ್ಡಿನಲ್ಲಿ ಜಾಗ ಸಾಲದು ಎಂದ. ಆಮೇಲೆ ಚಾಪೆ ಸರಿಮಾಡುವವನಂತೆ ನಿಧಾನವಾಗಿ ಬಗ್ಗಿದ.

ಇವರಿಗೆ ಹುಷಾರಿಲ್ಲವೇ ಎಂದು ಡ್ರೈವರು ಪಿಸುಗುಟ್ಟಿದರು. "ನಿದ್ದೆ. ಎದ್ಮೇಲೆ ಹೇಳ್ತಾಳೆ," ಎಂದ ಅಣ್ಣ.

ಕಣ್ಣು ಬಿಟ್ಟವಳು ಮೊದಲು ಬ್ಯಾಟರಿಯ ತಂತಿ ಬಿಚ್ಚಿಸಿದಳು. ಪಕ್ಕದ ಸೀಟಿನ ಮುಂದೆ ಕಾಲಿಡುವ ಜಾಗದ ಕಾರ್ಪೆಟ್ಟನ್ನು ಅಂಗಿಯ ಮಡಿಕೆ ಬಿಡಿಸುವಂತೆ ಎತ್ತಿದಳು. ಹೆಬ್ಬೆರಳು ದಪ್ಪದ ತಂತಿಕಟ್ಟು, ಅದರ ತುದಿಯಲ್ಲಿ ಪೆಟ್ಟಿಗೆ. ಮುಂಗಾಜಿನ ಅಂಚಿನಿಂದ ಮಳೆನೀರು ಸೋರಿ ಪಿನ್ನುಗಳು ಹಸಿರುಗಟ್ಟಿದ್ದವು.

ಅಣ್ಣ ಅವನ್ನು ಉಜ್ಜಿ, ಸೋರುವ ಕಡೆ ಮುಚ್ಚಿ, ಪೆಟ್ಟಿಗೆಯನ್ನು ಎರಡು ದಿನ ಒಣಗಲು ಬಿಟ್ಟ. ಆ ಎರಡೂ ದಿನ ಡ್ರೈವರು ವ್ಯಾನಿನ ಮೆಟ್ಟಿಲ ಮೇಲೆ ಕೂತು ಓದಿದರು. ಅವಳು ಬುತ್ತಿ ಬಿಚ್ಚಿದರೆ ಒಂದೆರಡು ಪುಟ ಗಟ್ಟಿಯಾಗಿ ಓದುವರು. ತುತ್ತು ಕೈಯಲ್ಲೇ ಆರುತ್ತಿತ್ತು. ಕಣ್ಣು ಮುಚ್ಚಿದಾಗ ಏನು ಕಾಣುತ್ತದೆಂದು ಒಮ್ಮೆ ಕೇಳಿದರು.

"ಹಾಗೇನಿಲ್ಲ ಯಜಮಾನ್ರೇ. ಗಾಡಿ ಮಾಡಿದವನೂ ನಮ್ಮ ಥರಾನೇ ಮನುಷ್ಯ ಅಲ್ವಾ? ಬೆಲೆಬಾಳೋದನ್ನ ಎಲ್ಲಿ ಬಚ್ಚಿಡ್ತಿದ್ದ ಅಂತ ಯೋಚಿಸ್ತೀನಿ."

"ಮಳೆ ಸೋರುತ್ತೆ ಅಂತ ಅವನಿಗೆ ಹೊಳೀಲಿಲ್ಲ ನೋಡಿ."

"ನಾನೂ ಎಷ್ಟೋ ಸಲ ಜೇಬು ತಪ್ಪು ಕಡೆ ಹೊಲಿದಿದೀನಿ," ಎಂದು ಅವಳು ನಕ್ಕಳು.

ಮೂರನೆಯ ದಿನ ಎಂಜಿನ್ನು ಒಂದೇ ತಿರುವಿಗೆ ಎದ್ದಿತು. ಅವಳು ಒಳಗಿನ ಕಪಾಟಿನ ಮೇಲೆ ಕೈಯಿಟ್ಟಳು. ಪುಸ್ತಕಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ಇಳಿಯಲು ಮನಸ್ಸಾಗದೆ ಬೀದಿಯ ತಿರುವಿನವರೆಗೂ ವ್ಯಾನಿನಲ್ಲೇ ಹೋಗಿ ನಡೆದು ಬಂದಳು.

ಆ ವಾರ ಯಾರೂ ಕಂಡರಿಯದ ಗಾಡಿಯೊಂದು ಬಂತು. ಅಣ್ಣ ಬಾನೆಟ್ ಮುಟ್ಟಲಿಲ್ಲ. ಸೀಟಿನ ಧೂಳು ಒರೆಸಿದ. ಪಕ್ಕದ ಶೆಡ್ಡಿನಲ್ಲಿ ತಗಡು ಬಡಿಯುತ್ತಿದ್ದವನಿಗೆ, "ಸ್ವಲ್ಪ ಹೊತ್ತು ನಿಲ್ಸಪ್ಪಾ, ತಂಗಿ ಕೂತಿದಾಳೆ," ಎಂದ.