ಎಲೆ ಅಡಿಕೆಯಲ್ಲಿ ಬದಲಾದ ಹೊಲ

ಕಾಲುವೆಯ ಪಾಲಾಗುವ ಹೊಲ ಅವ್ವನದೆಂದು ಸರ್ಕಾರ ಯಾವತ್ತೂ ಒಪ್ಪುವುದಿಲ್ಲ ಎಂದು ಹೇಳಿದವರು ನನ್ನ ಕಾಕಾ, ಅಪ್ಪನ ಸ್ವಂತ ತಮ್ಮ. ನಮ್ಮ ಅಂಗಳದಲ್ಲಿ ನಿಂತೇ ಅವ್ವನಿಗೆ ಹೇಳಿದರು, ಒಳಗೆ ಬರಲಿಲ್ಲ.

"ವೈನಿ, ಉತಾರದಾಗ ನನ್ನ ಹೆಸರೈತಿ. ಸರ್ಕಾರ ಕಾಗದ ನೋಡತೈತಿ, ನಿನ್ನ ಮಾರಿ ನೋಡೂದಿಲ್ಲ."

ಅವರು ಹೇಳಿದ್ದು ಸುಳ್ಳಲ್ಲ, ಉತಾರವೆಂಬ ಜಮೀನಿನ ದಾಖಲೆಯಲ್ಲಿ ಅವರ ಹೆಸರೇ ಇತ್ತು. ಅಜ್ಜ ಹೊಲ ಹಂಚಿದಾಗ ಹಳ್ಳದ ಬದಿಯ ತುಂಡು ಅಪ್ಪನಿಗೆ ಬಂತು, ನಮ್ಮ ಮನೆಯ ಹಿಂದಿನದು ಕಾಕಾನಿಗೆ. ಅಪ್ಪನಿಗೆ ಎಮ್ಮೆಗಳಿದ್ದವು. ದೂರದ ಹಳ್ಳದಿಂದ ದಿನಾ ಮೇವು ಹೊರುವುದು ಆಗದ ಮಾತು. ಕಾಕಾನಿಗೆ ಹಳ್ಳದ ನೀರು ಬೇಕಿತ್ತು. ಅಣ್ಣ ತಮ್ಮ ಇಬ್ಬರೂ ಬದುವಿನ ಮೇಲೆ ಕುಳಿತು, ಎಲೆ ಅಡಿಕೆ ಕೊಟ್ಟು ತೆಗೆದುಕೊಂಡು, ಹೊಲ ಅದಲುಬದಲು ಮಾಡಿಕೊಂಡರು. ನಮ್ಮ ಕಡೆ ಎಲೆ ಅಡಿಕೆ ಆದ ಮೇಲೆ ಕಾಗದ ಕೇಳುವುದೆಂದರೆ ಒಡಹುಟ್ಟಿದವನ ಮೇಲೆ ಸಂಶಯಪಟ್ಟಂತೆ. ಹಾಗಾಗಿ ಇಬ್ಬರೂ ಕೇಳಲಿಲ್ಲ. ಅಪ್ಪ ಕಾಕಾನ ಹೆಸರಿನ ಹೊಲದಲ್ಲಿ ಕಬ್ಬು ಬೆಳೆದರು, ಕಾಕಾ ಅಪ್ಪನ ಹೆಸರಿನದರಲ್ಲಿ. ಅಪ್ಪ ತೀರಿದ ಮೇಲೆ ಹಳ್ಳದ ಹೊಲಕ್ಕೆ ಅವ್ವನ ಮತ್ತು ನನ್ನ ಹೆಸರು ಹತ್ತಿದವು. ಅದರಲ್ಲಿ ನಾವಿಬ್ಬರೂ ಒಂದು ದಿನ ಕಳೆ ತೆಗೆದವರಲ್ಲ.

ನಾನು ಪದವಿ ಮುಗಿಸಿದ ವರ್ಷವೇ ಮನೆಯ ಹಿಂದಿನ ಹೊಲದಲ್ಲಿ ಕೆಂಪು ಬಣ್ಣ ಹಚ್ಚಿದ ಕಲ್ಲುಗಳನ್ನು ನೆಟ್ಟರು. ನದಿಯ ನೀರನ್ನು ಮೇಲಕ್ಕೆತ್ತಿ ಅಥಣಿ ಕಡೆಯ ಒಣ ಭೂಮಿಗೆ ಒಯ್ಯುವ ಕಾಲುವೆ. ಆ ಊರುಗಳಿಗೆ ನೀರು ಬೇಕೆಂಬುದು ನನಗೂ ಗೊತ್ತು. ಆದರೆ ಕಾಲುವೆ ನಮ್ಮ ಹೊಲದ ನಡುವೆಯೇ ಹಾಯುತ್ತಿತ್ತು. ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ದಿನಾ ಬಸ್ಸಿನಲ್ಲಿ ನಿಂತೇ ಹೋಗಿ, ನಿಂತೇ ಬಂದು ಕಲಿತದ್ದು. ಪಂಚಾಯ್ತಿ ಗೋಡೆಗೆ ಅಂಟಿಸಿದ್ದ ನೋಟಿಸನ್ನು ಊರವರಿಗೆ ಓದಿ ಅರ್ಥ ಹೇಳಿದವಳೂ ನಾನೇ. ಹೆಮ್ಮೆಯಿಂದ ಓದುತ್ತ ಹೋದೆ. ನಮ್ಮ ಹೊಲದ ನಂಬರಿನ ಮುಂದೆ ಕಾಕಾನ ಹೆಸರು ಬಂದಾಗ ಧ್ವನಿ ನಿಂತಿತು. ಹೊಲ ಹೋಗುವುದು ನಮ್ಮದು, ಪರಿಹಾರ ಅವರಿಗೆ. ಭೂಮಿ ಕಳೆದುಕೊಂಡವರಿಗೆ ಸರ್ಕಾರ ಒಂದು ಪ್ರಮಾಣಪತ್ರ ಕೊಡುತ್ತದೆ, ನೌಕರಿಗೆ ಅರ್ಜಿ ಹಾಕುವಾಗ ಅದಕ್ಕೆ ಬೆಲೆಯಿದೆ. ಅದೂ ನಮಗಿಲ್ಲ.

ತಕರಾರು ಅರ್ಜಿಯನ್ನು ನಾನೇ ಬರೆದೆ. ಚಿಕ್ಕೋಡಿಯ ಭೂಸ್ವಾಧೀನ ಕಚೇರಿಯಲ್ಲಿ ಸಾಹೇಬರು ಅದನ್ನು ಪೂರ್ತಿ ಓದಿದರು.

"ಯಾರು ಬರೆದದ್ದು?"

"ನಾನ್ರಿ."

"ಚೆನ್ನಾಗಿದೆ. ಆದರೆ ದಾಖಲೆಯಲ್ಲಿ ಹೆಸರಿದ್ದವರು ತಾವೇ ಬಂದು ಒಪ್ಪಬೇಕು. ಮುಂದಿನ ವಿಚಾರಣೆಗೆ ನಿಮ್ಮ ಕಾಕಾನ್ನ ಕರ್ಕೊಂಡು ಬನ್ನಿ."

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವನಿಗೆ ಹೇಳಿದೆ: "ಹಳ್ಳದ ಹೊಲ ನಮ್ಮ ಹೆಸರಿಗೈತಿ ಬೇ. ಕಾಕಾ ಒಪ್ಪಲಿಲ್ಲಂದ್ರ ಅದನ್ನ ಕಸಗೊಳ್ಳೂಣು."

"ಅವಗ ಅದ ಅಂಜಿಕಿ," ಅಂದಳು ಅವ್ವ. "ಹಿತ್ತಲದು ನಿಮ್ಮದಂತ ಅವ ಬರಕೊಟ್ಟ ಮ್ಯಾಲ ನಾವು ಹಳ್ಳದ್ದೂ ಬಿಡಲಿಲ್ಲಂದ್ರ, ಅವಂದು ಎರಡೂ ಹೋತು."

"ಆದ್ರೂ ಮೊದಲ ಅವರ ಬರಕೊಡ್ಲಿ."

"ಅವನೂ ಹಂಗ ಅಂತಾನ. ನೀ ಮೊದಲ, ನೀ ಮೊದಲ ಅನಕೋತ ನಿಂತರ, ಅಷ್ಟರಾಗ ಜೆಸಿಬಿ ಬರತೈತಿ."

ಮರುದಿನ ಮುಂಜಾನೆ ಅವ್ವ ನನ್ನನ್ನು ಎಳೆದುಕೊಂಡು ಕಾಕಾನ ಮನೆಗೆ ಹೋದಳು. ಕಾಕಾ ಎಮ್ಮೆ ಹಿಂಡುತ್ತಿದ್ದರು.

"ಬರ್ರಿ, ಬರ್ರಿ. ಬ್ಯಾರಿಸ್ಟರ್ ಬಾಯಾರು ಬಂದಾರ," ಎಂದರು ನನ್ನ ಕಡೆ ನೋಡದೆ.

"ಹಾಲ ಹಿಂಡಿ ಅಂಗಿ ಹಾಕ್ಕೋ," ಅಂದಳು ಅವ್ವ. "ರಜಿಸ್ಟರ್ ಆಫೀಸಿಗೆ ಹೋಗೂಣು. ಹಳ್ಳದ ಹೊಲ ನಿನ್ನ ಹೆಸರಿಗೆ ಮಾಡಿಕೊಡ್ತೀನಿ."

ಕಾಕಾನ ಕೈ ನಿಂತಿತು. "ಅದರ ಬದಲಿ ಏನ್ ಬರಕೊಡಬೇಕು ನಾ?"

"ಏನೂ ಬ್ಯಾಡ. ಅದು ನಿಂದ ಐತಿ."

ಅವ್ವನ ಸೆರಗು ಹಿಡಿದು ಜಗ್ಗಿದೆ. ಅವಳು ತಿರುಗಿ ನೋಡಲಿಲ್ಲ.

ನೋಂದಣಿ ಕಚೇರಿಯಲ್ಲಿ ಅವ್ವ ತೋರಿಸಿದಲ್ಲೆಲ್ಲ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಗುಮಾಸ್ತರು ಕಾಗದವನ್ನು ನನ್ನ ಮುಂದೆ ಸರಿಸಿದರು. ಮಗಳ ಸಹಿಯೂ ಬೇಕಿತ್ತು. ನಮ್ಮ ಕೈಯಲ್ಲಿದ್ದ ಒಂದೇ ಹಿಡಿತ ಅದು, ಅದನ್ನು ನಾನೇ ಬಿಡಬೇಕು. ಪೆನ್ನು ಕೈಗೆತ್ತಿಕೊಂಡೆ, ಕಾಗದಕ್ಕೆ ತಾಗಿಸಲಿಲ್ಲ.

"ಮಾಡವ್ವ," ಅಂದಳು ಅವ್ವ ಸಣ್ಣಗೆ. "ನಮ್ಮದಲ್ಲದ್ದು ಕೈಯಾಗ ಇಟ್ಕೊಂಡು, ನಮ್ಮದು ಕೊಡು ಅಂತ ಹೆಂಗ ಕೇಳೂದು?"

ಸಹಿ ಮಾಡಿದೆ. ಮನಸ್ಸಿನಿಂದ ಮಾಡಿದೆ ಎಂದು ಇವತ್ತಿಗೂ ಹೇಳಲಾರೆ.

ವಿಚಾರಣೆಯ ದಿನ ಹನ್ನೊಂದು ಗಂಟೆಗೆ ಕಾಕಾ ಇರಲಿಲ್ಲ. ಹನ್ನೆರಡಕ್ಕೂ ಬರಲಿಲ್ಲ. "ನಿನ್ನ ಶಾಣ್ಯಾತನ ನೋಡು, ಎರಡೂ ಕಳಕೊಂಡ್ವಿ," ಎಂದು ಕಚೇರಿಯ ಜನರೆದುರೇ ಅವ್ವನಿಗೆ ಅಂದುಬಿಟ್ಟೆ. ಆ ಮಾತನ್ನು ನಾನು ಮರೆತಿಲ್ಲ. ಅವಳು ಬೆಂಚಿನ ಮೇಲೆ ಕೈಕಟ್ಟಿ ಕುಳಿತು ಮೆಟ್ಟಿಲ ಕಡೆ ನೋಡುತ್ತಿದ್ದಳು. ನಮ್ಮ ಹೆಸರು ಕೂಗುವ ಹೊತ್ತಿಗೆ ಕಾಕಾ ಬೆವರುತ್ತ ಮೆಟ್ಟಿಲು ಹತ್ತಿ ಬಂದರು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಟೋಪಿ ತೆಗೆದು ಸಾಹೇಬರ ಮುಂದೆ ನಿಂತರು.

"ಕಾಗದದಾಗ ನಂದ ಐತ್ರಿ ಸಾಹೇಬ್ರ. ದುಡದವರು ಇವರು. ಏನ್ ಕೊಡೂದೈತಿ, ಇವರಿಗೆ ಕೊಡ್ರಿ."

ಹೇಳಿಕೆ ಬರೆದುಕೊಂಡರು. ಹೊರಗೆ ಬಂದು ಮೂವರೂ ಚಹಾ ಕುಡಿದೆವು.

ಮಳೆಗಾಲ ಮುಗಿದ ಮೇಲೆ ಕಬ್ಬು ಕಡಿದು, ಮಾವಿನ ಗಿಡಗಳನ್ನು ಎಣಿಸಿ ಬರೆದುಕೊಂಡು ಕಾಲುವೆ ಅಗೆದರು. ಹಿತ್ತಿಲ ಬಾಗಿಲು ತೆಗೆದರೆ ಈಗ ಆಳವಾದ ಕೆಂಪು ತಗ್ಗು. ಎಮ್ಮೆಗಳನ್ನು ಮಾರಿದೆವು.

ಪ್ರಮಾಣಪತ್ರ ತಯಾರಾಗಿದೆಯೆಂದು ಕಚೇರಿಯಿಂದ ಫೋನು ಬಂದಾಗ ಇಬ್ಬರೂ ಹೋದೆವು. ಸಾಹೇಬರೇ ಎದ್ದು ಅವ್ವನ ಕೈಗೆ ಕೊಟ್ಟರು. ಅವ್ವ ಎರಡೂ ಕೈಯಿಂದ ತೆಗೆದುಕೊಂಡು ನನ್ನ ಕಡೆ ಚಾಚಿದಳು.

"ಏನಂತ ಬರದಾರ, ಓದು."

"ಭೂಮಿ ಕಳಕೊಂಡ ಕುಟುಂಬ ಅಂತ ಬರದಾರ. ನಿನ್ನ ಹೆಸರು ಐತಿ, ನಂದೂ ಐತಿ."

ಅವ್ವ ಆ ಕಾಗದವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದನ್ನು ಮಡಿಚದೆ ನನ್ನ ಫೈಲಿನಲ್ಲಿ ಇಟ್ಟಳು.

"ಇದರ ಮ್ಯಾಲ ನಿನಗ ನೌಕರಿ ಆತಂದ್ರ, ಯಾರದರ ಹೊಲ ತಗೊಳ್ಳೂ ಕೆಲಸ ನಿನ್ನ ಕೈಯಾಗ ಬಂದ್ರ, ಉತಾರ ಆಮ್ಯಾಲ ತಗಿ. ಬಿತ್ತಿದವರು ಯಾರಂತ ಮೊದಲ ಅವರ ಬಾಗಲಿಗೆ ಹೋಗಿ ಕೇಳು."